ಕ್ರೈಸ್ತಮತದ ಕೆಲವರು ಕಾಯಕನಿಷ್ಠರು



ಇಷ್ಟಲಿಂಗದಲ್ಲಿ ಏಕನಿಷ್ಠೆಯುಳ್ಳ ಭಕ್ತನು ಅನ್ಯಮತದ ಸತ್ಪುರುಷರನ್ನು ಕೊಂಡಾಡಬಹುದೇ, ಅದರಿಂದ ನಿಷ್ಠೆಗೆ ಕುಂದು ಬಾರದೇ ಎಂಬ ಸಂದೇಹವು ಶಿಷ್ಯವರ್ಗದಲ್ಲಿ ತಲೆದೋರುವದುಂಟು. ಇದಕ್ಕೆ ಸಮಾಧಾನವನ್ನು ವಾದದಲ್ಲಿ ಹುಡುಕುವದಕ್ಕಿಂತ ಸತ್ಪುರುಷರ ಚರಿತ್ರದಲ್ಲಿ ಹುಡುಕುವದು ಲೇಸು. ಬೇರೆ ಬೇರೆ ಕಾಲದೇಶಗಳಲ್ಲಿ ಬಾಳಿದ ನಾಲ್ವರು ಕ್ರೈಸ್ತರ ನಡೆಯು ಇಲ್ಲಿ ವಿಚಾರಾರ್ಹವಾಗಿದೆ.

ಬಸವಣ್ಣನವರು ಕಲ್ಯಾಣದಲ್ಲಿ ಕಾಯಕದಾಸೋಹಗಳನ್ನು ಬೋಧಿಸಿದ ೧೨ನೆಯ ಶತಮಾನವು ಮುಗಿಯುವದಕ್ಕೆ ಮೊದಲೇ ಇಟಲಿಯ ಅಸ್ಸೀಸಿ ಪಟ್ಟಣದಲ್ಲಿ ಫ್ರಾನ್ಸಿಸರು ಜನಿಸಿದರು. ಅರಿವೆಯ ವರ್ತಕನ ಮಗನಾದ ಇವರು ಐಶ್ವರ್ಯವನ್ನು ತೊರೆಯುವಾಗ ಮೈಮೇಲಣ ಉಡುಪನ್ನೂ ತಂದೆಗೆ ಹಿಂದಿರುಗಿಸಿ, ಪಾಳುಬಿದ್ದ ಪ್ರಾರ್ಥನಾಮಂದಿರವನ್ನು ಸ್ವಹಸ್ತದಿಂದ ಕಟ್ಟಿ, ಕುಷ್ಠರೋಗಿಗಳ ಸೇವೆಗೈದು, ೧೨೨೬ರಲ್ಲಿ ದೇಹವಿಟ್ಟರು.

ಬೆಲ್ಜಿಯಂ ದೇಶದ ಡೇಮಿಯನ್ ಪಾದ್ರಿಗಳು ೧೮೭೩ರಲ್ಲಿ ಹವಾಯಿ ದ್ವೀಪಸಮೂಹದ ಮೊಲೊಕಾಯಿಗೆ ಹೋದರು. ಅಲ್ಲಿಯ ರಾಜ್ಯಶಾಸನವು ಕುಷ್ಠರೋಗಿಗಳನ್ನು ಬಂಧುಬಳಗದಿಂದ ಅಗಲಿಸಿ ಆ ದ್ವೀಪಕ್ಕೆ ಸಾಗಿಸುತ್ತಿದ್ದಿತು. ಪಾದ್ರಿಗಳು ಅವರ ಹುಣ್ಣು ತೊಳೆದರು, ಮನೆ ಕಟ್ಟಿದರು, ಸತ್ತವರಿಗೆ ಗೋರಿಯನ್ನೂ ತೋಡಿದರು. ಕಡೆಗೆ ಅದೇ ರೋಗವು ತಮಗೂ ತಗುಲಲು ೧೮೮೯ರಲ್ಲಿ ಅಲ್ಲಿಯೇ ತೀರಿಕೊಂಡರು.

ಇವರಿಬ್ಬರೂ ದೂರದವರು, ಮುಂದಿನ ಇಬ್ಬರ ಋಣವು ಕನ್ನಡಿಗರ ಮೇಲೆಯೇ ಇರುವದು. ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲರು ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಕಡೆಯಿಂದ ಈ ನಾಡಿಗೆ ಬಂದದ್ದು ತಮ್ಮ ಮತವನ್ನು ಸಾರುವದಕ್ಕೆ. ಇದನ್ನು ಮರೆಮಾಚಬೇಕಾದ ಕಾರಣವಿಲ್ಲ. ಆದರೆ ಬಸವಪುರಾಣವೇ ಮೊದಲಾದ ಗ್ರಂಥಗಳನ್ನು ಶೋಧಿಸಿ ಅವರು ರಚಿಸಿದ, ಸುಮಾರು ೭೦,೦೦೦ ಶಬ್ದಗಳ ಕನ್ನಡ ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ಫಲವನ್ನು ಉಣ್ಣುವವರು ಎಲ್ಲ ಮತದವರು.

ಉತ್ತಂಗಿ ಚನ್ನಪ್ಪನವರು ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕ್ರೈಸ್ತರು, ಮತಪ್ರಚಾರಕರು. ಊರೂರು ತಿರುಗಿ, ಜನರ ಬಾಯಲ್ಲಿಯೂ ಓಲೆಗರಿಗಳಲ್ಲಿಯೂ ಚದರಿಹೋಗಿದ್ದ ಸರ್ವಜ್ಞನ ವಚನಗಳನ್ನು ಕೂಡಿಸಿ ೧೯೨೪ರಲ್ಲಿ ಪ್ರಕಟಿಸಿದರು. ಸಿದ್ಧರಾಮಾದಿ ಶರಣರ ಸಾಹಿತ್ಯಕ್ಕೂ ಅನುಭವಮಂಟಪದ ಇತಿಹಾಸಕ್ಕೂ ದುಡಿದರು. ೧೯೪೯ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವು ಅವರಿಗೆ ಸಂದಿತು. ಶರಣರನ್ನು ಇಷ್ಟು ಪ್ರೀತಿಸಿಯೂ ಅವರು ೧೯೬೨ರಲ್ಲಿ ಕ್ರಿಸ್ತಭಕ್ತರಾಗಿಯೇ ಕಣ್ಮುಚ್ಚಿದರು.

ಮೊದಲಿನ ಸಂದೇಹಕ್ಕೆ ಉತ್ತರವು ಇಲ್ಲಿಯೇ ದೊರೆಯಿತು. ಶರಣರನ್ನು ಕೊಂಡಾಡಿದುದರಿಂದ ಚನ್ನಪ್ಪನವರ ನಿಷ್ಠೆಯು ಕುಂದಲಿಲ್ಲವಾದರೆ, ಚನ್ನಪ್ಪನವರನ್ನು ಕೊಂಡಾಡುವದರಿಂದ ಲಿಂಗನಿಷ್ಠೆಯು ಕುಂದುವದೆಂತು? ಭಕ್ತನು ಅಂಜಬೇಕಾದದ್ದು ಪರರ ಗುಣಗ್ರಹಣಕ್ಕಲ್ಲ. ಅನ್ಯಮತೀಯರೊಬ್ಬರು ಊರೂರು ಅಲೆದು ವಚನಗಳನ್ನು ಉಳಿಸುತ್ತಿರಲು, ಸ್ವಂತ ಮನೆಯ ಓಲೆಯ ಕಟ್ಟನ್ನು ಗೆದ್ದಲಿಗೆ ಬಿಟ್ಟ ಔದಾಸೀನ್ಯಕ್ಕೆ ಅಂಜಬೇಕು. ಈ ಮಹೋತ್ಸವದ ಕಾಲದಲ್ಲಿ ಒಬ್ಬೊಬ್ಬ ಶಿಷ್ಯನೂ ತನ್ನ ಮನೆಯ ಅಟ್ಟವನ್ನೊಮ್ಮೆ ಹುಡುಕಿ, ದೊರೆತ ಓಲೆಗಳನ್ನು ಶ್ರೀಮಠಕ್ಕೆ ಒಪ್ಪಿಸಿದರೆ ಅದೇ ಗುರುವಿಗೆ ನಿಜವಾದ ಕಾಣಿಕೆಯಾಗುವದು.