ಬೂದು ಬಣ್ಣವೂ ಇಲ್ಲದ ಸ್ಕ್ರೀನಿನಲ್ಲಿ ಹದಿನಾರು ಬಣ್ಣದ ಚಿತ್ರ

ವಾರವಿಡೀ ಕ್ಲೌಡು, ಕಂಟೇನರು ಅಂತ ತಲೆ ಕೆಡಿಸಿಕೊಂಡಿರೋ ನಿಮ್ಮ ಮುಂದೆ 1985ರ ಒಂದು ಮಷೀನಿನ ಬಗ್ಗೆ ಮಾತಾಡೋಕೆ ಬಂದಿದ್ದೀನಿ. ಅಟಾರಿ 520ಎಸ್‌ಟಿ. 8 ಮೆಗಾಹರ್ಟ್ಸ್‌ನ 68000 ಪ್ರೊಸೆಸರು, 512 ಕಿಲೋಬೈಟ್ ಮೆಮೊರಿ. ಇದಕ್ಕೆ ಎಸ್‌ಎಂ124 ಅನ್ನೋ ಕಪ್ಪು-ಬಿಳುಪು ಮಾನಿಟರ್ ಹಾಕಿದ್ರೆ 640×400 ಚುಕ್ಕಿ ಸಿಗುತ್ತೆ, ಅಕ್ಷರ ಬಹಳ ಸ್ಪಷ್ಟ. ಆದರೆ ಬೂದು ಬಣ್ಣ ಕೂಡ ಇಲ್ಲ. ಕಪ್ಪು, ಇಲ್ಲಾಂದ್ರೆ ಬಿಳಿ, ಅಷ್ಟೇ.

ತೊಂದರೆ ಏನಪ್ಪಾ ಅಂದ್ರೆ, ಆ ಮಷೀನಿನಲ್ಲಿ ಜನ ಬರೆದ ಎಷ್ಟೋ ಚಿತ್ರಗಳು 320×200ರವು, 16 ಬಣ್ಣದವು. ಈ ಮಾನಿಟರ್ ಆ ಮೋಡ್ ತೋರಿಸೋದೇ ಇಲ್ಲ. ನಾನು ಅಪ್‌ಡೇಟ್ ಮಾಡ್ತಿರೋ ಹಳೇ ವ್ಯೂವರ್ ಡೆಗಾಸ್ ಫೈಲುಗಳನ್ನ ತೆರೀತಿತ್ತು, ಬಣ್ಣದ ಚಿತ್ರ ಬಂದ್ರೆ ಮಾತ್ರ ಕೈ ಎತ್ತಿಬಿಡ್ತಿತ್ತು. ‘ಲ್ಯಾಪ್‌ಟಾಪ್‌ನಲ್ಲಿ ಕನ್ವರ್ಟ್ ಮಾಡಿ ಕೊಟ್ರಾಯ್ತಲ್ಲ’ ಅಂತ ಗೆಳೆಯರು ಅಂದ್ರು. ಆಗ ಆ ಮಷೀನಿನಲ್ಲೇ ಬರೆದ ಚಿತ್ರ ನೋಡೋಕೆ ಇನ್ನೊಂದು ಮಷೀನ್ ಬೇಕಾಗುತ್ತೆ. ಅದು ನನಗೆ ಒಪ್ಪಿಗೆಯಾಗ್ಲಿಲ್ಲ.

ಒಂದು ಲೆಕ್ಕ ನಮ್ಮ ಕಡೆಗಿದೆ. 320×200, ಚುಕ್ಕಿಗೆ 4 ಬಿಟ್: 32,000 ಬೈಟ್. 640×400, ಚುಕ್ಕಿಗೆ 1 ಬಿಟ್: ಅದೂ 32,000 ಬೈಟ್! ಒಂದು ಬಣ್ಣದ ಚುಕ್ಕಿಯ ಜಾಗದಲ್ಲಿ ನಮಗೆ ನಾಲ್ಕು ಕಪ್ಪು-ಬಿಳಿ ಚುಕ್ಕಿ ಸಿಗುತ್ತೆ. ನಾಲ್ಕರಲ್ಲಿ ಎಷ್ಟು ಕಪ್ಪು ಅನ್ನೋದರ ಮೇಲೆ ಐದು ಛಾಯೆ. ಹಳೇ ಪೇಪರಿನ ಫೋಟೋ ಹತ್ತಿರ ಹಿಡಿದು ನೋಡಿದ್ದೀರಲ್ಲ, ಅದೇ ಉಪಾಯ. ಯಾವ ಬಣ್ಣ ಎಷ್ಟು ಗಾಢ ಅಂತ 64,000 ಚುಕ್ಕಿಗೂ ಲೆಕ್ಕ ಹಾಕಬೇಕಿಲ್ಲ. ಪ್ಯಾಲೆಟ್‌ನಲ್ಲಿ ಇರೋದೇ 16 ಬಣ್ಣ, ಹದಿನಾರು ಸಲ ಸಾಕು. ಕೆಂಪಿಗೆ 30, ಹಸಿರಿಗೆ 59, ನೀಲಿಗೆ 11 ಪಾಲು ಹಾಕಿ ಒಂದು ಟೇಬಲ್ ಮಾಡಿಟ್ರೆ ಮುಂದಿನದೆಲ್ಲ ಟೇಬಲ್ ನೋಡೋ ಕೆಲಸ. (ಒಂದು ಚುಕ್ಕಿಯ ನಾಲ್ಕು ಬಿಟ್ ನಾಲ್ಕು ಬೇರೆ ವರ್ಡ್‌ಗಳಲ್ಲಿ ಕೂತಿರುತ್ತೆ. ಅದನ್ನ ಹೆಕ್ಕೋದು ಬೇರೆ ತಲೆನೋವು, ಬಿಡಿ.)

ಚಿತ್ರ ಬೇಗ ಬರುತ್ತೆ, ಆದರೆ ಮುಖಗಳಲ್ಲಿ ಐದು ಛಾಯೆ ಸಾಲಲ್ಲ, ಪಟ್ಟೆ ಪಟ್ಟೆ ಕಾಣುತ್ತೆ. ಅಲ್ಲಿ ಎರರ್ ಡಿಫ್ಯೂಷನ್ ಬೇಕು: ಒಂದು ಚುಕ್ಕಿಯಲ್ಲಿ ಆದ ವ್ಯತ್ಯಾಸವನ್ನ ಪಕ್ಕದವಕ್ಕೆ ಹಂಚೋದು. 256,000 ಚುಕ್ಕಿಯನ್ನ ಒಂದು ಸೆಕೆಂಡಿನಲ್ಲಿ ಮುಗಿಸಬೇಕಂದ್ರೆ ಚುಕ್ಕಿಗೆ ಸಿಗೋದು ಬರೀ 31 ಸೈಕಲ್. 68000ನಲ್ಲಿ ಒಂದು ಭಾಗಾಕಾರಕ್ಕೇ 150ರ ಮೇಲೆ ಹೋಗಬಹುದು! ಫ್ಲಾಯ್ಡ್-ಸ್ಟೈನ್‌ಬರ್ಗ್ ವಿಧಾನದಲ್ಲಿ 7, 3, 5, 1 ಅಂತ ಹದಿನಾರನೇ ಪಾಲುಗಳು. ಮ್ಯಾಕ್‌ಪೇಂಟ್ ಬರೆದ ಬಿಲ್ ಆಟ್ಕಿನ್ಸನ್ ಅವರ ವಿಧಾನ ಸಲೀಸು: ವ್ಯತ್ಯಾಸದ ಎಂಟನೇ ಒಂದು ಪಾಲನ್ನ ಆರು ಚುಕ್ಕಿಗೆ ಸಮನಾಗಿ ಕೊಡೋದು. ಮೂರು ಬಿಟ್ ಶಿಫ್ಟ್, ಆರು ಸಲ ಕೂಡೋದು. ಗುಣಾಕಾರವೇ ಇಲ್ಲ. ಉಳಿದ ಎರಡು ಪಾಲನ್ನ ಬಿಟ್ಟೇಬಿಡ್ತಾರೆ. ಅದರಿಂದ ತೀರಾ ಗಾಢ, ತೀರಾ ತಿಳಿ ಜಾಗಗಳಲ್ಲಿ ಒಂದಿಷ್ಟು ವಿವರ ಹೋಗುತ್ತೆ, ಆದರೆ ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ ನಿಲ್ಲುತ್ತೆ. ಕಾರ್ಟೂನಿನಂಥ ಚಿತ್ರಕ್ಕೆ ನನಗೆ ಇದೇ ಇಷ್ಟ.

ಆದರೂ ಒಂದು ಸೆಕೆಂಡಿನಲ್ಲಿ ಮುಗಿಯಲ್ಲ. ಅದಕ್ಕೆ ಫೈಲು ತೆರೆದ ಕೂಡಲೇ ಐದು ಛಾಯೆಯ ಚಿತ್ರ ಬರುತ್ತೆ, ಸ್ಪೇಸ್ ಬಾರ್ ಒತ್ತಿದ್ರೆ ಮಾತ್ರ ಆಟ್ಕಿನ್ಸನ್ ಶುರುವಾಗುತ್ತೆ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ. ಮೂರು ಸಾಲಿನ ವ್ಯತ್ಯಾಸ ಇಟ್ಕೊಂಡ್ರೆ ಸಾಕು: 3,840 ಬೈಟ್. 1 ಮೆಗಾಬೈಟ್ ಬೇಕು ಅನ್ನೋ ಷರತ್ತು ಹಾಕಿದ್ರೆ ನನಗೆ ಕೋಡ್ ಬರೆಯೋದು ಸುಲಭ ಆಗ್ತಿತ್ತು, ಹಾಕಿಲ್ಲ. ಮೊದಮೊದಲ 520ಎಸ್‌ಟಿಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಕೂಡ ಫ್ಲಾಪಿಯಿಂದ ಬಂದು ಅದೇ 512ರೊಳಗೆ ಕೂರ್ತಿತ್ತು. ಅಂಥ ಮಷೀನ್ ಇಟ್ಕೊಂಡಿರೋರಿಗೂ ಇದು ಓಡಬೇಕು.

ಸರಿ, ಹಟಾರಿ ಎಮ್ಯುಲೇಟರ್ ತೆರೀತೀನಿ. ವೇಗ 8 ಮೆಗಾಹರ್ಟ್ಸ್‌ಗೇ ಇಟ್ಟಿದ್ದೀನಿ, ಸ್ವಲ್ಪ ಕಾಯಬೇಕಾಗುತ್ತೆ.