ಕೃತಕ ಮೂತ್ರಪಿಂಡದ ನಿರ್ಮಾತೃ ಡಾಕ್ಟರ್ ವಿಲ್ಲೆಮ್ ಕೋಲ್ಫ್

 

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನೆರೆದಿರುವ ಈ ಭಕ್ತಸಭೆಯಲ್ಲಿ ಪರದೇಶದ ವೈದ್ಯರೊಬ್ಬರ ಚರಿತ್ರೆಯನ್ನು ಹೇಳುವುದೇತಕ್ಕೆಂದು ಕೆಲವರಿಗೆ ತೋರಬಹುದು. ಕಾಯಕವೂ ದಾಸೋಹವೂ ಒಂದು ನಾಡಿನ ಎಲ್ಲೆಯೊಳಗೆ ನಿಲ್ಲತಕ್ಕವುಗಳಲ್ಲ. ಅವುಗಳ ಹೆಸರನ್ನರಿಯದೆಯೇ ಆಚರಿಸಿದವರು ಬೇರೆಡೆಗಳಲ್ಲಿಯೂ ಉಂಟು. ಹಾಲೆಂಡ್ ದೇಶದ ಡಾಕ್ಟರ್ ಕೋಲ್ಫರು ಅಂತಹವರಲ್ಲೊಬ್ಬರು.

ಬೆನ್ನಿನ ಇಬ್ಬದಿಯಲ್ಲಿಯೂ ಮುಷ್ಟಿಗಾತ್ರದ ಒಂದೊಂದು ಮೂತ್ರಪಿಂಡವಿದೆ. ಪ್ರತಿಯೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳುಂಟು. ಇವು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೆರಡು ಲೀಟರನ್ನು ಮಾತ್ರ ಹೊರಕ್ಕೆ ಬಿಡುವುವು. ಈ ಕಾರ್ಯವು ನಿಂತರೆ ಯೂರಿಯಾ ಮೊದಲಾದ ಕಲ್ಮಷಗಳು ರಕ್ತದಲ್ಲಿ ಸಂಚಯವಾಗಿ, ರೋಗಿಯು ಮೈಮರೆತು ಮರಣವನ್ನೈದುವನು.

ಕೋಲ್ಫರು 1911ನೆಯ ಇಸವಿ ಫೆಬ್ರವರಿ 14ರಂದು ಲೈಡನ್ ನಗರದಲ್ಲಿ ಜನಿಸಿದರು. ತಂದೆಯವರು ಕ್ಷಯರೋಗಿಗಳ ಆರೋಗ್ಯಧಾಮವನ್ನು ನಡೆಸುತ್ತಿದ್ದ ವೈದ್ಯರು. ಜನರು ಸಾಯುವುದನ್ನು ನೋಡಲಾರೆನೆಂದು ಬಾಲಕನು ಮೊದಲು ವೈದ್ಯವೃತ್ತಿಯನ್ನೇ ಒಲ್ಲೆನೆಂದಿದ್ದನಂತೆ. ಮುಂದೆ 1938ರಲ್ಲಿ, ಖ್ರೋನಿಂಗನ್ ನಗರದ ಆಸ್ಪತ್ರೆಯಲ್ಲಿ, 22 ವರ್ಷ ವಯಸ್ಸಿನ ಒಬ್ಬ ರೈತನ ಮಗನು ಮೂತ್ರಪಿಂಡಗಳು ಕೆಟ್ಟು ಇವರ ಕಣ್ಣೆದುರಿನಲ್ಲಿಯೇ ತೀರಿಕೊಂಡನು. ಮಗನು ಉಳಿಯನೆಂಬುದನ್ನು ಹೆತ್ತ ತಾಯಿಗೆ ತಿಳಿಸುವ ಹೊಣೆಯೂ ಇವರ ಪಾಲಿಗೇ ಬಂದಿತು. ದಿನಕ್ಕಿಷ್ಟು ಯೂರಿಯಾವನ್ನು ರಕ್ತದಿಂದ ತೆಗೆಯಲು ಸಾಧ್ಯವಾಗಿದ್ದರೆ ಆ ಹುಡುಗನು ಬದುಕುತ್ತಿದ್ದನಲ್ಲವೇ ಎಂಬ ಚಿಂತೆಯು ಅಂದಿನಿಂದ ಅವರನ್ನು ಬಿಡಲಿಲ್ಲ.

1940ರ ಮೇ ತಿಂಗಳಿನಲ್ಲಿ ಜರ್ಮನ್ ಸೈನ್ಯವು ಹಾಲೆಂಡನ್ನು ಆಕ್ರಮಿಸಿತು. ಇವರ ಗುರುಗಳು ಯೆಹೂದ್ಯರು. ಪತ್ನೀಸಮೇತರಾಗಿ ಪ್ರಾಣತ್ಯಾಗ ಮಾಡಿದರು. ಆ ಸ್ಥಾನಕ್ಕೆ ಬಂದ ನಾಜಿ ಪಕ್ಷದವನ ಕೈಕೆಳಗೆ ದುಡಿಯಲೊಪ್ಪದೆ ಕೋಲ್ಫರು 1941ರಲ್ಲಿ ಕಾಂಪನ್ ಎಂಬ ಸಣ್ಣ ಪಟ್ಟಣದ ಆಸ್ಪತ್ರೆಗೆ ಹೊರಟುಹೋದರು.

ಯುದ್ಧಕಾಲದಲ್ಲಿ ಯಾವ ಸಾಮಗ್ರಿಯೂ ಸುಲಭವಾಗಿ ದೊರೆಯದು. ಮರದ ಪಟ್ಟಿಗಳ ಉರುಳೆಯೊಂದಕ್ಕೆ ಹತ್ತಾರು ಗಜ ಸೆಲ್ಲೊಫೇನ್ ಕೊಳವೆಯನ್ನು ಸುತ್ತಿದರು. ಆ ಕೊಳವೆಯು ಮಾಂಸದ ತಿನಿಸನ್ನು ತುಂಬಲು ಮಾಡಿದುದು. ಶಾಕಾಹಾರಿಗಳ ಸಭೆಯಲ್ಲಿ ಹೇಳಲು ಕೊಂಚ ಸಂಕೋಚವಾದರೂ ಮರೆಮಾಡುವುದು ತರವಲ್ಲ. ಉರುಳೆಯು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗುವಾಗ ರೋಗಿಯ ರಕ್ತವು ಕೊಳವೆಯೊಳಗೆ ಹರಿಯುವುದು. ಕಲ್ಮಷವು ಸೆಲ್ಲೊಫೇನಿನ ಮೂಲಕ ನೀರಿಗಿಳಿಯುವುದು, ರಕ್ತಕಣಗಳು ಒಳಗೇ ಉಳಿಯುವುವು. ತಿರುಗುವ ಉರುಳೆಗೆ ರಕ್ತವು ಸೋರದಂತೆ ಕೊಳವೆಯನ್ನು ಜೋಡಿಸುವ ಉಪಾಯವನ್ನು ಅವರು ಫೋರ್ಡ್ ಮೋಟಾರಿನ ನೀರಿನ ಪಂಪನ್ನು ನೋಡಿ ಕಂಡುಕೊಂಡರು. ತೊಟ್ಟಿಯನ್ನು ಮಾಡಿಸಿಕೊಟ್ಟವರು ಆ ಊರಿನ ಎನಾಮಲ್ ಕಾರ್ಖಾನೆಯ ಬೆರ್ಕ್ ಎಂಬುವರು.

1943ರ ಮಾರ್ಚಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆಯಾಯಿತು. ಆಕೆ ಉಳಿಯಲಿಲ್ಲ. ಎರಡನೆಯವರೂ, ಮೂರನೆಯವರೂ ಉಳಿಯಲಿಲ್ಲ. ಮೊದಲ ಹದಿನೈದು ಹದಿನಾರು ಮಂದಿಯಲ್ಲಿ ಹೆಚ್ಚುಕಡಮೆ ಎಲ್ಲರೂ ತೀರಿಕೊಂಡರು. ಸಾವನ್ನು ನೋಡಲಾರೆನೆಂದಿದ್ದವರು ಎರಡು ವರ್ಷಗಳ ಕಾಲ ಸಾವನ್ನೇ ನೋಡುತ್ತ, ಪ್ರತಿಸಾರಿಯೂ ಯಂತ್ರವನ್ನು ತಿದ್ದುತ್ತ ಕುಳಿತರು. ಕಾಯಕನಿಷ್ಠೆಯೆಂಬುದಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆಯು ದೊರಕುವುದು ದುರ್ಲಭ.

1945ರ ಸೆಪ್ಟೆಂಬರಿನಲ್ಲಿ 67 ವರ್ಷ ವಯಸ್ಸಿನ ಒಬ್ಬ ವೃದ್ಧೆಯನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಕರೆತಂದರು. ಆಕೆ ಶತ್ರುಪಕ್ಷಕ್ಕೆ ಸೇರಿದವಳೆಂದು ಸೆರೆಯಲ್ಲಿದ್ದವಳು, ಊರಿನವರ ದ್ವೇಷಕ್ಕೆ ಪಾತ್ರಳಾದವಳು. ಕೋಲ್ಫರಾದರೋ ಅದೇ ಶತ್ರುಗಳ ಕಣ್ಣುತಪ್ಪಿಸಿ, ಅನೇಕರನ್ನು ರೋಗಿಗಳೆಂಬ ನೆಪದಿಂದ ಆಸ್ಪತ್ರೆಯಲ್ಲಿ ಕಾಪಾಡಿದ್ದವರು. ಆಕೆಯನ್ನು ಬಿಟ್ಟಿದ್ದರೆ ಕೇಳುವವರಾರೂ ಇರಲಿಲ್ಲ. ಅವರು ಬಿಡಲಿಲ್ಲ. ಹನ್ನೊಂದು ಗಂಟೆಗಳಿಗೂ ಮಿಕ್ಕಿ ಯಂತ್ರವು ತಿರುಗಿತು. ವೃದ್ಧೆಯು ಕಣ್ತೆರೆದು ಮಾತನಾಡಿದಳು. ಯಂತ್ರದಿಂದ ನಿಸ್ಸಂದೇಹವಾಗಿ ಬದುಕಿದ ಮೊದಲ ಜೀವವು ಅದು. ಮುಂದೆ ಹಲವು ವರ್ಷಗಳ ಮೇಲೆ ಬೇರೆ ಕಾರಣದಿಂದ ಆಕೆ ಕಾಲವಾದಳು.

ಇಂತಹ ಯಂತ್ರಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಯುದ್ಧವು ಮುಗಿದೊಡನೆ ಲಂಡನ್, ನ್ಯೂಯಾರ್ಕ್, ಮಾಂಟ್ರಿಯಲ್ ಮೊದಲಾದ ಸ್ಥಳಗಳ ಆಸ್ಪತ್ರೆಗಳಿಗೆ ಯಂತ್ರಗಳನ್ನು ಉಚಿತವಾಗಿ ಕಳುಹಿಸಿದರು. ಬಾಸ್ಟನ್ನಿನವರಿಗೆ ನಕ್ಷೆಯನ್ನೇ ಕೊಟ್ಟರು. 1950ರಲ್ಲಿ ಅಮೆರಿಕಕ್ಕೆ ಹೋಗಿ ನೆಲಸಿ, ಕೃತಕ ಹೃದಯದ ನಿರ್ಮಾಣಕ್ಕೂ ಮುಂದಾಳಾಗಿ, 2009ರ ಫೆಬ್ರವರಿ 11ರಂದು, 98 ತುಂಬಲು ಮೂರು ದಿನಗಳಿರುವಾಗ, ದೇಹವಿಟ್ಟರು.

1960ರಲ್ಲಿ ಸಿಯಾಟಲ್ ನಗರದ ಡಾಕ್ಟರ್ ಸ್ಕ್ರಿಬ್ನರರು ರಕ್ತನಾಳಕ್ಕೆ ಸ್ಥಿರವಾದ ಕೊಳವೆಯನ್ನು ಜೋಡಿಸಿ, ಇದೇ ಚಿಕಿತ್ಸೆಯನ್ನು ವರ್ಷಗಟ್ಟಲೆ ನಡೆಸುವ ಮಾರ್ಗವನ್ನು ತೋರಿದರು. ಆದರೆ ಯಂತ್ರಗಳು ಕೆಲವು, ರೋಗಿಗಳು ಬಹಳ. ಯಾರಿಗೆ ಕೊಡುವುದು, ಯಾರನ್ನು ಬಿಡುವುದು ಎಂಬುದನ್ನು ತೀರ್ಮಾನಿಸಲು ಅಲ್ಲಿ ಊರಿನ ಗೃಹಸ್ಥರ ಸಮಿತಿಯೊಂದನ್ನೇ ರಚಿಸಬೇಕಾಯಿತು. ರೋಗಿಯ ಸಂಪಾದನೆ, ನಡತೆ, ಚರ್ಚಿನ ಸಂಬಂಧಗಳನ್ನೂ ಅವರು ತೂಗಿದರು. ಕಾಂಪನ್ನಿನ ವೈದ್ಯರು ಆ ತಕ್ಕಡಿಯನ್ನು ಹಿಡಿದಿದ್ದರೆ ಆ ವೃದ್ಧೆಯು ಉಳಿಯುತ್ತಿದ್ದಳೇ?

ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿಯು ಸಫಲವಾಯಿತು. 2016ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸುವ ಯೋಜನೆಯನ್ನು ಸಾರಿತು. ಆದರೂ ರೋಗಿಯು ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ಗಂಟೆ, ಯಂತ್ರದ ಬಳಿ ಮಲಗಬೇಕು. ಜೊತೆಗೆ ಬಂದವರು ಅಂದಿನ ಕೂಲಿಯನ್ನು ಬಿಟ್ಟು ಹೊರಗೆ ಕಾದಿರಬೇಕು. ಬಸ್ಸಿನ ಖರ್ಚೂ ಹೊಟ್ಟೆಯ ಪಾಡೂ ಯಂತ್ರದ ಖರ್ಚಿನಾಚೆಗೆ ಉಳಿಯತಕ್ಕವು. ಹಾಗೆ ಕಾದು ಕುಳಿತವರಿಗೆ ಒಂದು ಹೊತ್ತಿನ ಪ್ರಸಾದವನ್ನು ಒದಗಿಸುವ ಕಾರ್ಯವು ಮಠದ ಭಕ್ತರ ಕೈಗೆಟುಕತಕ್ಕದ್ದೇ ಆಗಿದೆ.