ಮನೆಯೇ ಮೊದಲ ದೇವಾಲಯ

(ಬಾನುಲಿ ಭಾಷಣ)

ಮುಳಬಾಗಿಲು ತಾಲ್ಲೂಕಿನ ಆವನಿ ನನ್ನ ಊರು. ಬೆಟ್ಟದ ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳಿವೆ. ಶಾಸನ ಓದುವವರು, ಶಿಲ್ಪ ನೋಡುವವರು ಅಲ್ಲಿಗೆ ಬರುತ್ತಾರೆ. ನಮ್ಮ ಕಡೆಯ ಹೆಂಗಸರು ಮಾತ್ರ ಅಲ್ಲಿಗೆ ಕೈಮುಗಿದು ಬೆಟ್ಟ ಹತ್ತುತ್ತಾರೆ. ಕಾಡುಪಾಲಾದ ಸೀತೆ ಲವಕುಶರನ್ನು ಹೆತ್ತದ್ದು, ಸಾಕಿದ್ದು ಆ ಬೆಟ್ಟದ ಮೇಲೆ ಎಂಬುದು ಐತಿಹ್ಯ. ರಾಮಾಯಣದ ಯುದ್ಧ, ಪಟ್ಟಾಭಿಷೇಕಗಳೆಲ್ಲ ಬೇರೆ ಬೇರೆ ಊರುಗಳ ಪಾಲಿಗೆ ಹೋದವು. ನಮ್ಮೂರಿನ ಪಾಲಿಗೆ ಬಂದದ್ದು ಬಾಣಂತಿತನ ಮತ್ತು ಮಕ್ಕಳ ಪಾಲನೆ. ಈ ಪಾಲು ಕಡಮೆಯದೆಂದು ನನಗೆ ಎಂದೂ ಅನ್ನಿಸಿಲ್ಲ.

ಕ್ರೈಸ್ತರ ಶುಭಸಂದೇಶಗಳನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದಿದಾಗ ಇಂಥದೇ ಒಂದು ಸಂಗತಿ ನನ್ನ ಗಮನ ಸೆಳೆಯಿತು. ಯೇಸುವಿನ ಬಾಳಿನಲ್ಲಿ ಬೋಧನೆಗೆ, ಪವಾಡಗಳಿಗೆ, ಶಿಲುಬೆಗೆ ಸಂದದ್ದು ಕೊನೆಯ ಕೆಲವೇ ವರ್ಷಗಳು. ಅದಕ್ಕೆ ಮುಂಚಿನ ಸುಮಾರು ಮೂವತ್ತು ವರ್ಷ ನಜರೇತಿನ ಒಂದು ಬಡಗಿಯ ಮನೆಯಲ್ಲಿ ಕಳೆಯಿತು. ಆ ಮೂವತ್ತು ವರ್ಷಗಳ ವಿಷಯದಲ್ಲಿ ಗ್ರಂಥಕರ್ತರು ಹೆಚ್ಚುಕಡಮೆ ಮೌನವಾಗಿದ್ದಾರೆ. ಹನ್ನೆರಡು ವಯಸ್ಸಿನ ಬಾಲಕ ಜೆರುಸಲೇಮಿನ ಜಾತ್ರೆಯಲ್ಲಿ ತಪ್ಪಿಹೋಗಿ, ತಾಯಿತಂದೆ ಮೂರು ದಿನ ಹುಡುಕಾಡಿದ ಒಂದು ಪ್ರಸಂಗವನ್ನು ಲೂಕನು ಹೇಳುತ್ತಾನೆ, ಅಷ್ಟೆ. ಕಥೋಲಿಕರು ಈ ಮೌನಕ್ಕೇ ಒಂದು ಹಬ್ಬವನ್ನು ಇಟ್ಟುಕೊಂಡಿದ್ದಾರೆ. ಪವಿತ್ರ ಕುಟುಂಬದ ಹಬ್ಬವೆಂದು ಅದರ ಹೆಸರು. 1921ರಲ್ಲಿ ಅದು ಇಡೀ ಧರ್ಮಸಭೆಯ ಹಬ್ಬವಾಯಿತು. ದೇವರು ಒಂದು ಮನೆಯಲ್ಲಿ ಮಗನಾಗಿ, ಹೇಳಿದ ಮಾತು ಕೇಳಿಕೊಂಡು, ಕೂಲಿಯ ಕೆಲಸ ಮಾಡಿಕೊಂಡು ಇದ್ದನೆಂದು ನಂಬುವವರಿಗೆ ಮನೆಯ ಬಾಳು ಧರ್ಮದ ಹೊರಗಿನ ವಿಷಯವಾಗಲಾರದು.

ನಾನು ಕ್ರೈಸ್ತನಲ್ಲ. ಕೋಲಾರ ಜಿಲ್ಲೆಯಲ್ಲಿ ಕನ್ನಡ ಪಾಠ ಹೇಳುತ್ತ ಕಾಲ ಕಳೆದವನು. ನನ್ನ ತರಗತಿಗಳಿಗೆ ಚಿನ್ನದ ಗಣಿಯ ಕಡೆಯಿಂದ ಬರುತ್ತಿದ್ದ ಹುಡುಗ ಹುಡುಗಿಯರಲ್ಲಿ ಕಥೋಲಿಕರು ಅನೇಕರಿದ್ದರು. ಹಾಜರಿ ಪುಸ್ತಕದಲ್ಲಿ ಅವರ, ಅವರ ತಂದೆಯರ ಹೆಸರುಗಳನ್ನು ಓದುವುದೇ ನನಗೊಂದು ಪಾಠವಾಯಿತು. ಚಿನ್ನಪ್ಪನೆಂದರೆ ಸಂತ ಪೌಲ. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಚಿಕ್ಕವನೆಂದೇ ಅರ್ಥ. ಅರುಳಪ್ಪನೆಂದರೆ ಯೊವಾನ್ನ, ದೇವರ ಕೃಪೆ ಎಂಬ ಮೂಲಾರ್ಥವನ್ನು ತಮಿಳಿನ ‘ಅರುಳ್’ ಹಿಡಿದುಕೊಂಡಿದೆ. ರಾಯಪ್ಪ ಪೇತ್ರ, ಚೌರಪ್ಪ ಕ್ಸೇವಿಯರ್, ಇನ್ನಾಸಪ್ಪ ಇಗ್ನೇಷಿಯಸ್. ರೋಮಿನಿಂದಲೂ ಸ್ಪೇನಿನಿಂದಲೂ ಹೊರಟ ಸಂತರು ನಮ್ಮ ಸೀಮೆಗೆ ಬಂದು ‘ಅಪ್ಪ’ಗಳಾದರು. ಜಪಸರ, ಜ್ಞಾನಸ್ನಾನ, ತಪಸ್ಸುಕಾಲ, ಉಪದೇಶಿ, ಬಲಿಪೂಜೆ ಎಂಬ ಮಾತುಗಳೂ ಹೀಗೆಯೇ. ಇವು ಒಂದು ದಿನದಲ್ಲಿ ಒಬ್ಬ ಪಂಡಿತ ಕೂತು ಕಟ್ಟಿದ ಮಾತುಗಳಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಚಿನ್ನಮಿ ಎಂಬ ಇಟಲಿಯ ಜೆಸ್ವಿತ್ ಪಾದ್ರಿ ಕನ್ನಡ ಕಲಿತು ಕನ್ನಡದಲ್ಲಿ ಬರೆದ. 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಬೆಂಗಳೂರಿನಲ್ಲಿ ಅಚ್ಚಾದವು. ನಮ್ಮ ಸಾಹಿತ್ಯ ಚರಿತ್ರೆಗಳು ಬಾಸೆಲ್ ಮಿಷನ್ನಿನವರಿಗೆ ಕೊಟ್ಟ ಪುಟಗಳಲ್ಲಿ ಒಂದೆರಡನ್ನಾದರೂ ಇವರಿಗೆ ಕೊಡಬಹುದಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1960ರ ದಶಕದವರೆಗೆ ಗುಡಿಯ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಗುರುಗಳು ಜನರಿಗೆ ಬೆನ್ನುಮಾಡಿ ಪೀಠದ ಕಡೆ ತಿರುಗಿ ಪೂಜೆ ಮಾಡುತ್ತಿದ್ದರು. ಜನ ತಮ್ಮ ಪಾಡಿಗೆ ಜಪಸರ ಎಣಿಸುತ್ತ ಕುಳಿತಿರುತ್ತಿದ್ದರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕವೇ ಪೂಜೆ ಜನರ ನುಡಿಗೆ ಬಂದದ್ದು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೇಂದ್ರದ ಮೂಲಕ ಆರತಿ, ಅಂಜಲಿ, ದೀಪಗಳೂ ಒಳಕ್ಕೆ ಬಂದವು. ಆದರೆ ಮನೆಯಲ್ಲಿ? ಅಲ್ಲಿ ಸಂಜೆಯ ಪರಲೋಕ ಮಂತ್ರ ಅದಕ್ಕೆ ಬಹಳ ಮುಂಚಿನಿಂದಲೂ ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ನಡೆದೇ ಇತ್ತು. ಎಂದರೆ ಪಂಡಿತರ ಮಹಾಸಭೆ ತಲುಪಿದ ಜಾಗಕ್ಕೆ ಅಡಿಗೆಮನೆಯ ಅಜ್ಜಿಯರು ಎಷ್ಟೋ ತಲೆಮಾರು ಮೊದಲೇ ತಲುಪಿದ್ದರು. ಅದೇ ಮಹಾಸಭೆ 1964ರ ತನ್ನ ಒಂದು ಪ್ರಮುಖ ದಸ್ತಾವೇಜಿನಲ್ಲಿ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂಬ ಅರ್ಥದಲ್ಲಿ ಕರೆಯಿತು. ತಾಯಿತಂದೆಯರೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂದಿತು. ಮಾತು ಹೊಸದು, ಸಂಗತಿ ಹಳೆಯದು.

ಈ ಹಳೆಯ ಸಂಗತಿಗೆ ನಮ್ಮ ನಾಡಿನಲ್ಲೇ ಸಾಕ್ಷ್ಯವಿದೆ. 1773ರಲ್ಲಿ ಜೆಸ್ವಿತ್ ಸಂಘವನ್ನು ಪೋಪರೇ ವಿಸರ್ಜಿಸಿದ ಮೇಲೆ ಮೈಸೂರು ಸೀಮೆಯ ಕ್ರೈಸ್ತ ಹಳ್ಳಿಗಳಿಗೆ ಗುರುಗಳೇ ಅಪರೂಪವಾದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅಬ್ಬೆ ದ್ಯುಬ್ವಾ ಇಲ್ಲಿಗೆ ಬಂದು ಚದುರಿದವರನ್ನು ಕಲೆಹಾಕಿದ. ಕಾವಿ ತೊಟ್ಟು, ದೇಶೀಯರಂತೆ ಬದುಕಿ, ನಮ್ಮ ಆಚಾರಗಳ ಮೇಲೆ ದೊಡ್ಡ ಗ್ರಂಥ ಬರೆದವನು ಇವನೇ. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಅವನಿಗೆ ನಿರಾಶೆ ಕವಿದಿತ್ತು. ಭಾರತದಲ್ಲಿ ಕ್ರೈಸ್ತ ಧರ್ಮ ಬೇರೂರುವ ಕಾಲ ಮುಗಿಯಿತೆಂಬ ಧಾಟಿಯ ಪತ್ರಗಳನ್ನು ಪ್ರಕಟಿಸಿದ. ಆದರೆ ಅವನು ಕೂಡಿಸಿ ಬಿಟ್ಟುಹೋದ ಒಕ್ಕಲು ಮಕ್ಕಳು ಆ ಪತ್ರಗಳನ್ನು ಓದಲಿಲ್ಲ. ದೀಪ ಹೊತ್ತಿಸಿ ಜಪ ಹೇಳುತ್ತ ಹೋದರು.

ಹಾಸನದ ಬಳಿಯ ಶೆಟ್ಟಿಹಳ್ಳಿಯ ಕತೆ ಇನ್ನೂ ಸ್ಪಷ್ಟವಾದದ್ದು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿಸಿದ ಅಲ್ಲಿನ ಜಪಮಾಲೆ ಮಾತೆಯ ಗುಡಿ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ತಲೆಯೆತ್ತುವ ಆ ಪಾಳುಗೋಡೆಗಳ ಚಿತ್ರ ತೆಗೆಯಲು ಈಗ ದೂರದೂರದಿಂದ ಜನ ಬರುತ್ತಾರೆ. ಊರಿನವರು ಬೇರೆಡೆ ಮನೆ ಕಟ್ಟಿಕೊಂಡರು; ಜಪಸರವನ್ನೂ ಹಬ್ಬಗಳನ್ನೂ ಜೊತೆಗೆ ಒಯ್ದರು. ಮುಳುಗಿದ್ದು ಕಟ್ಟಡ; ಧರ್ಮಕೇಂದ್ರ ಮುಳುಗಲಿಲ್ಲ. ಚರ್ಚಿನ ಶಾಸನದ ಮಾತಿನಲ್ಲಿಯೂ ಈ ಬದಲಾವಣೆ ಕಾಣುತ್ತದೆ. 1917ರ ಧರ್ಮಸಂಹಿತೆಯ ಕಣ್ಣಿಗೆ ಧರ್ಮಕೇಂದ್ರವೆಂದರೆ ಮುಖ್ಯವಾಗಿ ಒಂದು ಎಲ್ಲೆಕಟ್ಟು. 1983ರ ಸಂಹಿತೆಯಲ್ಲಿ ಅದು ವಿಶ್ವಾಸಿಗಳ ಒಂದು ಸಮುದಾಯ.

ಮನೆಗೂ ಗುಡಿಗೂ ಇರುವ ಕೊಡುಕೊಳೆಗೆ ನಾನು ಕಂಡ ಚೆಲುವಾದ ನಿದರ್ಶನ ಗರಿಗಳದು. ಪಾಸ್ಖ ಹಬ್ಬದ ಹಿಂದಿನ ಭಾನುವಾರ ಗುಡಿಯಲ್ಲಿ ಗರಿಗಳನ್ನು ಮಂತ್ರಿಸಿ ಹಂಚುತ್ತಾರೆ. ಮೆರವಣಿಗೆ ಮುಗಿದ ಮೇಲೆ ಅವು ಮನೆಗೆ ಬರುತ್ತವೆ. ಮಕ್ಕಳು ಅವನ್ನು ಮಡಿಸಿ ಹೆಣೆದು ಶಿಲುಬೆ ಮಾಡುತ್ತಾರೆ. ತಾಯಿ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸುತ್ತಾಳೆ. ಅದು ಅಲ್ಲಿ ಒಂದು ವರ್ಷ ಇರುತ್ತದೆ. ಆ ವರ್ಷದಲ್ಲಿ ಮನೆಯಲ್ಲಿ ಏನೇನು ನಡೆಯುತ್ತದೋ ಎಲ್ಲದಕ್ಕೂ ಅದು ಸಾಕ್ಷಿ: ಜ್ವರ, ಸಾಲ, ಮಗಳ ನಿಶ್ಚಿತಾರ್ಥ, ಗಂಡಹೆಂಡಿರ ಮಾತಿಲ್ಲದ ವಾರಗಳು. ಮರುವರ್ಷ ತಪಸ್ಸುಕಾಲ ಹತ್ತಿರವಾದಾಗ ಒಣಗಿದ ಆ ಗರಿಗಳನ್ನು ಗುಡಿಗೆ ಹಿಂದಿರುಗಿಸುತ್ತಾರೆ. ಅವನ್ನು ಸುಟ್ಟು ಆದ ಬೂದಿಯನ್ನೇ ಬೂದಿ ಬುಧವಾರ ಎಲ್ಲರ ಹಣೆಗೆ ಇಡುವುದು. ವಿಭೂತಿಯನ್ನು ಬಲ್ಲ ನಮಗೆ ಬೂದಿಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಇಲ್ಲಿನ ವಿಶೇಷವೆಂದರೆ ಆ ಬೂದಿ ಎಲ್ಲ ಮನೆಗಳಿಂದಲೂ ಬಂದದ್ದು. ಒಬ್ಬನ ಹಣೆಯ ಮೇಲೆ ಇನ್ನೊಬ್ಬನ ಮನೆಯ ಒಂದು ವರ್ಷ ಇರುತ್ತದೆ.

ಇಷ್ಟು ಹೇಳಿ ಬಿಟ್ಟರೆ ಎಲ್ಲವೂ ಸುಂದರವಾಗಿ ಕಾಣಬಹುದು. ದಿನದಿನದ ಆಚರಣೆ ಅಷ್ಟು ಸಲೀಸಲ್ಲ. ಪರಲೋಕ ಮಂತ್ರದಲ್ಲಿ ಒಂದು ಬೇಡಿಕೆ ಇದೆ. ಇತರರ ತಪ್ಪನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪನ್ನು ದೇವರು ಕ್ಷಮಿಸಲಿ ಎಂಬುದು ಅದರ ತಾತ್ಪರ್ಯ. ಪ್ರಾರ್ಥಿಸುವವನೇ ತನಗೆ ಸಿಗಬೇಕಾದ ಕ್ಷಮೆಯ ಅಳತೆಯನ್ನು ಗೊತ್ತುಮಾಡಿಕೊಡುವ ಅಪಾಯಕರವಾದ ಕೋರಿಕೆ ಅದು. ಗಣಿಯ ಲೈನು ಮನೆಗಳಲ್ಲಿ ಬೆಳೆದ ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಹೇಳಿದ ಸಂಗತಿ ಇದು. ಅವರ ನೆರೆಮನೆಯಲ್ಲಿ ಅಣ್ಣತಮ್ಮಂದಿರಿಗೆ ನಿವೇಶನದ ವಿಷಯದಲ್ಲಿ ಮಾತು ನಿಂತಿತ್ತು. ಆದರೂ ಸಂಜೆಯ ಜಪಕ್ಕೆ ಇಬ್ಬರೂ ತಾಯಿಯ ಆಚೀಚೆ ಮೊಣಕಾಲೂರಲೇಬೇಕು; ಅದು ಆ ಮನೆಯ ಕಟ್ಟುಪಾಡು. ಆ ಬೇಡಿಕೆ ಬಂದಾಗ ದೊಡ್ಡವನ ದನಿ ನಿಂತುಹೋಗುತ್ತಿತ್ತು. ತಾಯಿ ಗದರುತ್ತಿರಲಿಲ್ಲ. ತಾನೂ ಅಲ್ಲಿಗೇ ನಿಲ್ಲಿಸಿ ಕಾಯುತ್ತಿದ್ದಳು. ಒಂದೇ ಗೋಡೆಯ ಆಚೆಗಿದ್ದ ಇವರ ಮನೆಗೆ ಜಪ ಕೇಳಿಸುವಂತೆ ಆ ಮೌನವೂ ಕೇಳಿಸುತ್ತಿತ್ತಂತೆ. ಕೆಲವು ಸಂಜೆ ಜಪ ಅಷ್ಟಕ್ಕೇ ಮುಗಿದು ಒಲೆ ಹೊತ್ತಿದ್ದೂ ಉಂಟು. ಎಷ್ಟೋ ವಾರದ ಮೇಲೆ ಅವನು ಆ ಮಾತನ್ನು ಹೇಳಿದ. ವ್ಯಾಜ್ಯ ಮಾತ್ರ ನ್ಯಾಯಾಲಯದಲ್ಲಿಯೇ ಬಗೆಹರಿಯಿತು! ಆದರೆ ಅಲ್ಲಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮುಳಬಾಗಿಲಿನವರೇ ಆದ ಡಿ.ವಿ.ಜಿ.ಯವರು ತಮ್ಮ ಗೀತಾತಾತ್ಪರ್ಯಕ್ಕೆ ಜೀವನಧರ್ಮಯೋಗವೆಂದು ಹೆಸರಿಟ್ಟದ್ದು ನನಗೆ ಆಗ ನೆನಪಾಯಿತು.

ಧರ್ಮಕೇಂದ್ರದ ಉಳಿದ ಕೆಲಸಗಳನ್ನು ಬೇಗ ಹೇಳಿ ಮುಗಿಸಬಹುದು. ಮದುವೆಗೆ ಮುಂಚೆ ವಧೂವರರ ಹೆಸರನ್ನು ಪೂಜೆಯ ಹೊತ್ತಿನಲ್ಲಿ ಪ್ರಕಟಿಸುವುದು, ಶಿಶುವಿಗೆ ಜ್ಞಾನಸ್ನಾನದಲ್ಲಿ ಎರಡನೆಯ ತಾಯಿತಂದೆಯರನ್ನು ಒದಗಿಸುವುದು, ವಿನ್ಸೆಂಟ್ ದೆ ಪೌಲರ ಹೆಸರಿನ ಸಂಘದವರು ವಾರವಾರ ಬಡವರ ಮನೆಗೆ ಹೋಗಿ ಬರುವುದು ಇತ್ಯಾದಿ. ಆ ಸಂಘ 1833ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಂದ ಹುಟ್ಟಿತೆಂಬುದು ಅಧ್ಯಾಪಕನಾದ ನನಗೆ ಸಂತೋಷದ ವಿಷಯ.

ಆದರೆ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಹಾಗೆ ಬೇಗ ದಾಟಿಹೋಗುವಂತಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಎರಡು ಹೆಸರುಗಳಿದ್ದವು. ಗುಡಿಯ ಪುಸ್ತಕದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು. ಕಾರಣ 1950ರ ರಾಷ್ಟ್ರಪತಿಗಳ ಆದೇಶ. ಅದರ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ವಿಸ್ತರಿಸಲಿಲ್ಲ. ತಾತನಿಗೆ ಅಂಟಿದ ಅಸ್ಪೃಶ್ಯತೆ ಶಿಲುಬೆಯ ಗುರುತಿನಿಂದ ಊರವರ ಕಣ್ಣಿನಲ್ಲಿ ಅಳಿಯುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಮಾತ್ರ ಅಳಿಯುತ್ತದೆ. ಚರ್ಚಿನ ಒಳಗೂ ಅದು ಎಲ್ಲ ಕಡೆಯೂ ಅಳಿದಿದೆಯೆಂದು ಹೇಳುವ ಧೈರ್ಯ ಆ ಹುಡುಗರಿಗೆ ಇರಲಿಲ್ಲ. ಹೀಗಿರುವಲ್ಲಿ ಮಗುವಿಗೆ ಯಾವ ಹೆಸರು ಬರೆಸಬೇಕೆಂದು ತಾಯಿತಂದೆ ರಾತ್ರಿ ಕುಳಿತು ಮಾತನಾಡಿಕೊಳ್ಳುತ್ತಾರೆ. ಇದನ್ನು ಕಪಟವೆಂದು ಕರೆಯುವವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಯಾರಿಗೂ ಮಗನ ಓದಿಗೂ ಮಗನ ದೇವರಿಗೂ ನಡುವೆ ಆರಿಸಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಇನ್ನು ಇಂದಿನ ಮಾತು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೈಹಾಕಿದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿಯಿದ್ದಷ್ಟು ಕಾಲ ಪಾಳಿಯ ಕೂಗು ಮನೆಗಳ ಹೊತ್ತನ್ನು ಗೊತ್ತುಮಾಡುತ್ತಿತ್ತು. ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದ ಗಂಡಸು ಮೇಲೆ ಬರುವವರೆಗೆ ಮನೆಯಲ್ಲಿ ಜಪಸರ ತಿರುಗುತ್ತಿತ್ತು. ಕೆಳಗೆ ಬಂಡೆ ಸಿಡಿಯುವ ಭಯ ಆ ಜಪಕ್ಕೆ ಅರ್ಥವನ್ನು ಒದಗಿಸುತ್ತಿತ್ತು. ಈಗ ಆ ಕೂಗಿಲ್ಲ. ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂನಿಂದ ಹೊರಡುವ ರೈಲು ಸಾವಿರಾರು ಜನರನ್ನು ಬೆಂಗಳೂರಿನ ಕೆಲಸಗಳಿಗೆ ಒಯ್ಯುತ್ತದೆ. ರಾತ್ರಿ ತಂದು ಬಿಡುತ್ತದೆ. ಗಣಿ ಗಂಡಸನ್ನು ಒಂದು ಪಾಳಿಯ ಹೊತ್ತು ನುಂಗಿ ಹಿಂದಕ್ಕೆ ಕೊಡುತ್ತಿತ್ತು. ರೈಲು ಗಂಡನನ್ನೂ ಹೆಂಡತಿಯನ್ನೂ ಬೆಳೆದ ಮಗಳನ್ನೂ ಒಟ್ಟಿಗೇ ಒಯ್ಯುತ್ತದೆ. ಸಂಜೆ ಏಳು ಗಂಟೆಗೆ ಮನೆಯಲ್ಲಿರುವವರು ಅಜ್ಜಿ ಮತ್ತು ಶಾಲೆಯ ಮಕ್ಕಳು. ನೋವು ಬಂದಿರುವುದು ವಿಶ್ವಾಸಕ್ಕಲ್ಲ, ಆ ಏಳು ಗಂಟೆಗೆ. ಭಾನುವಾರದ ಗುಡಿ ತುಂಬಿರುತ್ತದೆ, ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಎಣಿಕೆಯಿಂದ ನೋಡುವವರು ಎಲ್ಲ ಸರಿಯಾಗಿದೆ ಎಂದಾರು. ಗರಿ ಸಿಕ್ಕಿಸಿದ ಪಟದ ಮುಂದೆ ಯಾರು ಕೂರುತ್ತಾರೆ ಎಂಬುದನ್ನು ಆ ಎಣಿಕೆ ಹೇಳುವುದಿಲ್ಲ.

ಆದರೂ ಜನ ದಾರಿ ಕಂಡುಕೊಳ್ಳುತ್ತಾರೆ. ಇಪ್ಪತ್ತು ಮೂವತ್ತು ಮನೆಗಳು ಒಂದು ಕಿರು ಸಮುದಾಯವಾಗಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಪದ್ಧತಿ ಬಂದಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಬೆಂಗಳೂರಿನ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ, ಬಂಗಾರಪೇಟೆಯಲ್ಲಿ ಗಾಡಿ ನಿಂತ ಹೊತ್ತಿಗೆ ಮನೆಗೆ ಫೋನು ಮಾಡುತ್ತಾಳೆ. ಅಜ್ಜಿ ಕಡೆಯ ಹತ್ತು ಮಣಿಗಳನ್ನು ಅವಳಿಗಾಗಿ ಉಳಿಸಿರುತ್ತಾಳೆ. ರೈಲಿನ ಗಲಾಟೆಯಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಅಜ್ಜಿ ತಮಿಳಿನಲ್ಲಿ ಆರಂಭಿಸುತ್ತಾಳೆ, ಇವಳು ಕನ್ನಡದಲ್ಲಿ ಮುಗಿಸುತ್ತಾಳೆ. ಮಕ್ಕಳು ಇಂಗ್ಲಿಷಿನಲ್ಲಿ ಆಮೆನ್ ಹೇಳುತ್ತಾರೆ. ‘ಆಮೆನ್ ಎಲ್ಲ ಭಾಷೆಯಲ್ಲೂ ಒಂದೇ ಅಲ್ಲವೇನಮ್ಮ’ ಎಂದೆ. ‘ಇಲ್ಲ ಸಾರ್, ಅವರು ಹೇಳುವ ಧಾಟಿ ಬೇರೆ’ ಎಂದಳು. ಹತ್ತು ಮಣಿ ಮುಗಿಯುವಷ್ಟರಲ್ಲಿ ಗಾಡಿ ಬಂಗಾರಪೇಟೆ ಬಿಟ್ಟಿರುತ್ತದಂತೆ.